ಎರಡು ಕಪ್ಪು

ಅಪ್ಪ ಗಡಿಯಾರದ ಪುಟ್ಟ ತಿರುಪುಗಳ ತಲೆಗೆ
ಮೆರುಗು ಕೊಡುತ್ತಿದ್ದವನು.
ಲಾ ಶೋ ದ ಫೋನ್ ಊರಿನ ಮೂರನೇ ಮಹಡಿ,
ಉತ್ತರಕ್ಕೊಂದು ಕಿಟಕಿ, ಹೊರಗೆ ಹಿಮ,
ತವರದ ತಟ್ಟೆಯ ಮೇಲೆ ವಜ್ರದ ಹುಡಿ, ಒಂದು ತೊಟ್ಟು ಎಣ್ಣೆ,
ಹೆಬ್ಬೆರಳು ಸುತ್ತಿದ್ದೇ ಸುತ್ತಿದ್ದು.
ಮುಗಿಯಿತೇ ಎಂದರೆ ಉತ್ತರವಿಲ್ಲ.
ಉಕ್ಕನ್ನು ದೀಪದ ಕೆಳಗೆ ತುಸು ವಾಲಿಸುವನು:
ಒಂದೇ ಒಂದು ಕೋನದಲ್ಲಿ ಫಳಕ್,
ಮಿಕ್ಕೆಲ್ಲ ಕಡೆಯಿಂದ ಕಪ್ಪು, ಬಾವಿಯಂಥ ಕಪ್ಪು.
"ನೋಡು ಇಸಲೀನ್, ಒಂದು ತರಿ ಉಳಿದರೂ
ಬೆಳಕು ಅಲ್ಲಿ ಚೆಲ್ಲಿ ಬೂದಿ ಬಣ್ಣ ಕಾಣುತ್ತದೆ.
ಚೆಲ್ಲಿದ ಬೆಳಕು, ಕೆಟ್ಟ ಕೆಲಸದ ಗುರುತು."

ಈಗ ಬೆಳಕನ್ನು ಚೆಲ್ಲುವುದಕ್ಕೇ
ನನಗೆ ಸಂಬಳ.

ಬೆಳಗಿನ ರೈಲು ಸುರಂಗ ದಾಟಿ ಇಳಿಯುತ್ತದೆ.
ಮೇಲೆ ಬಿಸಿಲು, ಕೆಳಗೆ ನವೆಂಬರಿನ ಮಂಜು,
ನ್ಯೂಶಾತೆಲ್ ಸರೋವರ ಅಲ್ಲಿದೆಯೆಂದು ನಂಬಬೇಕು, ಅಷ್ಟೆ.
ಕಾದ ಗಾಜಿನ ಮೇಲೆ
ಸತುವಿನ ಆವಿಗೂ ನೀರಾವಿಗೂ ಗಂಟುಹಾಕುತ್ತೇನೆ.
ಯಾರೂ ಕೆತ್ತುವುದಿಲ್ಲ, ಯಾರೂ ಉಜ್ಜುವುದಿಲ್ಲ,
ತಾನೇ ಹರಳುಗಟ್ಟಿ ತಾನೇ ಮೊನೆಯೆತ್ತುತ್ತದೆ.
ಬರಿಗಣ್ಣಿಗೆ ಉಸಿರು ತಾಗಿದ ಕನ್ನಡಿಯಷ್ಟು ಮಬ್ಬು.
ದೂರದ ಬೆಟ್ಟ ನುಣ್ಣಗೆ ತಾನೆ?
ಸೂಕ್ಷ್ಮದರ್ಶಕದಲ್ಲಿ ಹತ್ತಿರ ಹೋದರೆ
ಇಡೀ ಆಲ್ಪ್ಸ್, ಕೊರಕಲು ಸಮೇತ.

ಅದರ ಮೇಲೆ ಸಿಲಿಕಾನ್,
ಕೂದಲೆಳೆಯ ಐವತ್ತರಲ್ಲೊಂದು ಪಾಲು.
ಅಷ್ಟು ತೆಳುವಿನಲ್ಲೂ ನೀಲಿ ಸಿಕ್ಕಿಬೀಳುತ್ತದೆ.
ಕೆಂಪು ಮಾತ್ರ ಅವಸರದ ನೆಂಟ,
ಮುಂಬಾಗಿಲಲ್ಲಿ ಬಂದು ಹಿತ್ತಿಲಲ್ಲಿ ಹೊರಟೇಹೋಯಿತು
ಕಾಫಿಗೂ ಕೂರದೆ.
ನೆಲ ಸಮವಿದ್ದರೆ ಹಾಗೆ.
ಏರುತಗ್ಗಿದ್ದರೆ ಕಾಲು ಓರೆ ಬೀಳುತ್ತದೆ,
ಓರೆ ಹೋದದ್ದು ಗೋಡೆಗೆ ಬಡಿದು ಒಳಕ್ಕೇ ತಿರುಗಿ,
ಮತ್ತೆ ಬಡಿದು, ಮತ್ತೆ ತಿರುಗಿ,
ಅಡ್ಡಾಡಿ ಅಡ್ಡಾಡಿ
ಎಲ್ಲೋ ಒಂದು ಎಲೆಕ್ಟ್ರಾನನ್ನು ಎಬ್ಬಿಸಿ
ತಾನು ಇಲ್ಲವಾಗುತ್ತದೆ.

ಮೊದಲ ಚಳಿಗಾಲ ನನಗೆ ಮೊನೆಯ ಹುಚ್ಚು.
ಇನ್ನೂ ಚೂಪು, ಇನ್ನೂ ಆಳ.
ಕರೆಂಟು ಏರಿತು. ವೋಲ್ಟೇಜು ಕುಸಿಯಿತು.
ಬಲಗೈ ಗಳಿಸಿದ್ದನ್ನು ಎಡಗೈ ಕಳೆದಂತೆ.
ತುಂಡನ್ನು ಅಡ್ಡಕ್ಕೆ ಸೀಳಿ ನೋಡಿದ ಪೆರ್ನೂ
ಮಾತಿಲ್ಲದೆ ಚಿತ್ರವನ್ನು ನನ್ನ ಮೇಜಿನ ಮೇಲಿಟ್ಟ:
ಕಣಿವೆ ಕಣಿವೆಯ ತಳದಿಂದ ಒಂದೊಂದು ಬಿರುಕು, ನೆಟ್ಟಗೆ ಮೇಲಕ್ಕೆ.
ಎದುರುಬದುರು ಇಳಿಜಾರಿನಲ್ಲಿ ಬೆಳೆದ ಸಿಲಿಕಾನ್
ಆ ಇಕ್ಕಟ್ಟಿನಲ್ಲಿ ಒಂದನ್ನೊಂದು ಕೂಡಲಾರದೆ
ಸಂದು ಬಿಟ್ಟುಕೊಂಡೇ ದೊಡ್ಡದಾಗಿತ್ತು.

ಭಾನುವಾರ ಅಪ್ಪನ ಮುಂದೆ ಚಿತ್ರ ಹಿಡಿದೆ.
ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ.
"ಒಳಮೂಲೆ ಯಾವಾಗಲೂ ಹೀಗೇ,
ಚೂಪು ಬಿಟ್ಟರೆ ಅಲ್ಲಿಂದಲೇ ಒಡೆಯುತ್ತದೆ.
ಸ್ವಲ್ಪ ಉರುಟು ಮಾಡು. ಸ್ವಲ್ಪ ಅಂದರೆ..."
ಮಾತು ಸಿಗಲಿಲ್ಲ. ಹೆಬ್ಬೆರಳು ಗಾಳಿಯಲ್ಲಿ ಸುತ್ತಿತು.

ಆರ್ಗಾನಿನ ನೇರಳೆ ಜ್ವಾಲೆಯಲ್ಲಿಟ್ಟೆ.
ಹತ್ತು ನಿಮಿಷ: ಬಿರುಕು ಹಾಗೇ ಇದೆ.
ಒಂದು ಗಂಟೆ: ಬಿರುಕಿಲ್ಲ,
ಆದರೆ ಕೆಂಪು ಮತ್ತೆ ಹಿತ್ತಿಲ ದಾರಿ ಹಿಡಿಯಿತು.
ನಡುವೆ ಎಲ್ಲೋ ಆಲ್ಪ್ಸ್ ಕರಗಿ ನಮ್ಮ ಜೂರಾ ಆಗುತ್ತದೆ,
ಹಸು ಮೇಯುವಂಥ ಬೆಟ್ಟ,
ಹಿಮ ಜಾರದೆ ಕೂರುವಂಥ ಕಣಿವೆ.
ಆ ನಿಮಿಷ ಯಾವುದೆಂದು
ಪೆರ್ನೂಗೂ ನನಗೂ ಇಂದಿಗೂ ಜಗಳ.

ಉತ್ತರದ ಕಿಟಕಿಯ ಕಟ್ಟೆಯಲ್ಲಿ
ಅಪ್ಪನ ಉಕ್ಕು, ನನ್ನ ಕೋಶ, ಪಕ್ಕಪಕ್ಕ.
ಎರಡೂ ಕಪ್ಪು.
ಅವನದು, ಬಂದ ಬೆಳಕೆಲ್ಲ ಒಂದೇ ದಾರಿ ಹಿಡಿದು ಹೋದದ್ದಕ್ಕೆ.
ನನ್ನದು, ಒಳಗೆ ಹೋದದ್ದಕ್ಕೆ ದಾರಿಯೇ ತಪ್ಪಿದ್ದಕ್ಕೆ.
ನನ್ನದನ್ನು ಎತ್ತಿಕೊಂಡು ಆ ಕಡೆ ವಾಲಿಸಿದ, ಈ ಕಡೆ ವಾಲಿಸಿದ,
ಫಳಕ್ಕಿಗಾಗಿ ಹುಡುಕಿದ,
ಮುಂದಿನ ಗಾಜಿನ ಸಣ್ಣ ಹೊಳಪೊಂದನ್ನು ಬಿಟ್ಟರೆ ಏನೂ ಇಲ್ಲ.
ಅಭ್ಯಾಸಬಲ, ಹೆಬ್ಬೆರಳಿನಿಂದ ಒಮ್ಮೆ ಉಜ್ಜಿಯೇಬಿಟ್ಟ.
ಗಾಜಿನ ಮೇಲೆ ಸುತ್ತುಸುತ್ತು ಗೆರೆ, ದಿಣ್ಣೆ, ತಗ್ಗು.
ಒರೆಸಲು ಬಟ್ಟೆ ಹುಡುಕಿದ. ಇರಲಿ ಬಿಡು ಅಂದೆ.

ಸೋಮವಾರ ಹಾಗೇ ಅಳೆದೆ.
ಕರೆಂಟು ಕೂದಲೆಳೆಯಷ್ಟು ಕಡಿಮೆ.
ದಾಖಲೆ ಪುಸ್ತಕದಲ್ಲಿ ಕಾರಣದ ಮನೆಯನ್ನು
ಖಾಲಿ ಬಿಟ್ಟೆ.